ಶಾಲಾ ಸ್ವಾಯತ್ತತೆ ಮತ್ತು ಕಲಿಕೆ: ಅಧಿಕಾರ ಹಂಚಿಕೆಯ ಮಿತಿಗಳು

ಶಾಲೆಯ ಆಡಳಿತವನ್ನು ವಿಕೇಂದ್ರೀಕರಿಸಿದರೆ ಮಕ್ಕಳ ಕಲಿಕೆ ತಾನಾಗಿಯೇ ಉತ್ತಮಗೊಳ್ಳುವುದೆಂಬ ನಂಬಿಕೆ ಕಳೆದ ಕೆಲವು ದಶಕಗಳ ಶಿಕ್ಷಣ ನೀತಿಗಳಲ್ಲಿ ಎದ್ದು ಕಾಣುತ್ತದೆ. ಮಗುವಿಗೆ ಹತ್ತಿರವಿರುವವರೇ ಅದರ ಅಗತ್ಯವನ್ನು ಬಲ್ಲರೆಂಬುದು ಇದರ ತಾತ್ತ್ವಿಕ ನೆಲೆ. ಆದರೆ ‘ಸ್ವಾಯತ್ತತೆ’ ಎಂಬ ಒಂದೇ ಪದದೊಳಗೆ ಪಠ್ಯವನ್ನು ನಿರ್ಧರಿಸುವ, ಶಿಕ್ಷಕರನ್ನು ನೇಮಿಸುವ, ಹಣವನ್ನು ವಿನಿಯೋಗಿಸುವ ಭಿನ್ನ ಅಧಿಕಾರಗಳು ಅಡಗಿವೆ. ಯಾವ ಅಧಿಕಾರ, ಯಾರ ಕೈಗೆ, ಯಾವ ಹೊಣೆಗಾರಿಕೆಯೊಡನೆ ಸಂದಿತು ಎಂಬುದನ್ನು ಬಿಡಿಸಿ ನೋಡದೆ ಫಲಿತಾಂಶವನ್ನು ವಿವರಿಸಲಾಗದು.

ಈ ದೃಷ್ಟಿಯಿಂದ ಎರಿಕ್ ಹನುಷೆಕ್, ಸುಸಾನೆ ಲಿಂಕ್ ಮತ್ತು ಲೂಡ್ಗರ್ ವೋಸ್‌ಮನ್ ಅವರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹವಾದುದು. 2000ದಿಂದ 2009ರವರೆಗಿನ ಪೀಸಾ ಪರೀಕ್ಷೆಗಳಲ್ಲಿ 42 ದೇಶಗಳ ವಿದ್ಯಾರ್ಥಿಗಳು ತೋರಿದ ಸಾಧನೆಯನ್ನು ಅವರು ಪರಿಶೀಲಿಸಿದರು. ಮುಂದುವರಿದ ದೇಶಗಳಲ್ಲಿ ಸ್ವಾಯತ್ತತೆ ಸಾಧನೆಯನ್ನು ಹೆಚ್ಚಿಸಿದರೆ, ಅಭಿವೃದ್ಧಿಶೀಲ ದೇಶಗಳಲ್ಲಿ ಅದನ್ನು ಕುಗ್ಗಿಸಿತು. ಸುಭದ್ರ ವ್ಯವಸ್ಥೆಯಲ್ಲಿ ವರವಾಗುವುದು ದುರ್ಬಲ ವ್ಯವಸ್ಥೆಯಲ್ಲಿ ಹೊರೆಯಾಗಬಹುದೆಂಬುದು ಇದರ ಇಂಗಿತ.

ನಮ್ಮ ದೇಶದ ಒಂದು ಪ್ರಯೋಗ ಇದರ ಕಾರಣವನ್ನು ಹತ್ತಿರದಿಂದ ಕಾಣಿಸುತ್ತದೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ 280 ಗ್ರಾಮಗಳಲ್ಲಿ ಅಭಿಜಿತ್ ಬ್ಯಾನರ್ಜಿ, ರುಕ್ಮಿಣಿ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ನಡೆಸಿದ ಈ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅಲ್ಲಿ ಗ್ರಾಮ ಶಿಕ್ಷಣ ಸಮಿತಿಗಳಿದ್ದವು; ಆದರೆ ತಾವು ಸದಸ್ಯರೆಂಬುದೇ ಕೆಲವು ಸದಸ್ಯರಿಗೆ ತಿಳಿದಿರಲಿಲ್ಲ. ಸಮಿತಿಯ ಅಧಿಕಾರವನ್ನು ಊರವರಿಗೆ ತಿಳಿಸಿದ್ದರಿಂದಾಗಲೀ, ಮಕ್ಕಳ ಓದನ್ನು ಅಳೆಯುವ ಬಗೆಯನ್ನು ಕಲಿಸಿದ್ದರಿಂದಾಗಲೀ ಸರ್ಕಾರಿ ಶಾಲೆ ಬದಲಾಗಲಿಲ್ಲ. ತರಬೇತಿ ಪಡೆದ ಊರಿನ ಸ್ವಯಂಸೇವಕರು ಶಾಲೆಯ ಹೊರಗೆ ನಡೆಸಿದ ಓದಿನ ಶಿಬಿರಗಳಿಗೆ ಬಂದ ಮಕ್ಕಳು ಮಾತ್ರ ಓದಿನಲ್ಲಿ ಸ್ಪಷ್ಟವಾಗಿ ಮುಂದುವರಿದರು. ಜನರಲ್ಲಿ ಆಸಕ್ತಿಯ ಕೊರತೆ ಇರಲಿಲ್ಲ. ಸಮಿತಿಯ ಮೂಲಕ ಶಾಲೆಯನ್ನು ತಿದ್ದುವ ದಾರಿ ಅವರಿಗೆ ಫಲಿಸಲಿಲ್ಲ.

ಕರ್ನಾಟಕವು 2001ರಲ್ಲಿ ಸರ್ಕಾರಿ ಆದೇಶದ ಮೂಲಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರೂಪಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಇಂತಹ ಸಮಿತಿಗಳಲ್ಲಿ ಮುಕ್ಕಾಲು ಪಾಲು ಸ್ಥಾನವನ್ನು ಪೋಷಕರಿಗೆ ನೀಡಿತು. ಯೋಜನೆಯ ತಯಾರಿ, ಅನುದಾನದ ಉಸ್ತುವಾರಿ ಸಮಿತಿಗೆ ಸೇರಿದರೂ ಸರ್ಕಾರಿ ಶಿಕ್ಷಕರ ನೇಮಕ, ವರ್ಗಾವಣೆಗಳು ಇಲಾಖೆಯಲ್ಲಿಯೇ ಉಳಿದಿವೆ. ಹೊಣೆ ಪೋಷಕರದು, ನಿರ್ಣಾಯಕ ಅಧಿಕಾರ ಇಲಾಖೆಯದು ಎಂಬ ಈ ಅಂತರವನ್ನು ಗಮನಿಸದೆ ಸಮಿತಿಗಳ ಸಾಫಲ್ಯವನ್ನು ಅಳೆಯುವುದು ನ್ಯಾಯವಲ್ಲ.

ಹೊರನಾಡಿನ ಸಂಶೋಧಕರಿಗೆ ಇಲ್ಲೊಂದು ಸಮೀಪದ ಕ್ಷೇತ್ರವಿದೆ. ಮುಂಬಯಿಯಲ್ಲಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಂತೆಯೇ ಕನ್ನಡ ಸಂಸ್ಥೆಗಳು ನಡೆಸುವ ಶಾಲೆಗಳೂ ಇವೆ. ಭಾಷೆ ಒಂದೇ, ಆಡಳಿತ ಬೇರೆ. ಇವನ್ನು ಹೋಲಿಸುವಾಗ ಮಕ್ಕಳ ಕೌಟುಂಬಿಕ ಹಿನ್ನೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಶಿಕ್ಷಕರನ್ನು ನೇಮಿಸುವವರಾರು, ಓದಲು ಬಾರದ ಮಗುವಿಗೆ ಉತ್ತರ ಹೇಳಬೇಕಾದವರಾರು ಎಂದು ಮೊದಲು ಕೇಳಬೇಕು.