ಕೆಂಪು ಕಲ್ಲು ಹಿಡಿದಿಟ್ಟ ನೀರು

ಹೈದರಾಬಾದಿನಿಂದ ಪುಣೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ತೆಲಂಗಾಣದ ಗಡಿ ದಾಟಿ ಬಂದರೆ ಮನ್ನಾಎಖ್ಖೆಳ್ಳಿ ಸಿಗುತ್ತದೆ. ಬೀದರಿನ ರಸ್ತೆ ಇಲ್ಲಿ ಬಲಕ್ಕೆ ಹೊರಳುತ್ತದೆ. ನೇರ ಹೋದರೆ ಹುಮನಾಬಾದ್, ಅದರಾಚೆ ಬಸವಕಲ್ಯಾಣ. ಬೀದರ್ ಜಿಲ್ಲೆಯ ಈ ದಕ್ಷಿಣ ಸೀಮೆಯಲ್ಲಿ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ತೆಲಂಗಾಣದ ಕೊಹಿರ್ ಬಳಿ ಹುಟ್ಟುವ ಕಾರಂಜಾ ನದಿ ಮಾಂಜ್ರಾವನ್ನು ಕೂಡಿ ಗೋದಾವರಿಗೆ ಸೇರುತ್ತದೆ. ಬಸವಕಲ್ಯಾಣ ತಾಲ್ಲೂಕಿನಲ್ಲಿ ಹುಟ್ಟುವ ಮುಲ್ಲಾಮಾರಿ ಚಿಂಚೋಳಿಯತ್ತ ಇಳಿದು, ಕಾಗಿಣಾ, ಭೀಮಾ ನದಿಗಳ ಮೂಲಕ ಕೃಷ್ಣೆಯ ಪಾಲಾಗುತ್ತದೆ.

ಅಂದರೆ ಇದು ನದಿಗಳು ಹೊರಡುವ ನೆಲ. ಬೇರೆಲ್ಲೋ ಸುರಿದ ಮಳೆಯನ್ನು ಹೊತ್ತು ತರುವ ದೊಡ್ಡ ಹೊಳೆ ಈ ದಿಬ್ಬದ ಊರುಗಳಿಗೆ ಇಲ್ಲ. ತಮ್ಮ ತಲೆಯ ಮೇಲೆ ಬಿದ್ದದ್ದೇ ಇವರ ಬಂಡವಾಳ.

ಆ ಬಂಡವಾಳ ಅಷ್ಟೇನೂ ಸಣ್ಣದಲ್ಲ. ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 850 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಆ ನೀರನ್ನು ಎಲ್ಲಿ ಇಟ್ಟುಕೊಳ್ಳುವುದು ಎಂಬುದೇ ಇಲ್ಲಿಯ ಪ್ರಶ್ನೆ.

ಈ ನೆಲವೇ ಅದಕ್ಕೊಂದು ಉತ್ತರ ಇಟ್ಟುಕೊಂಡಿದೆ. ಬೀದರ್ ಮತ್ತು ಹುಮನಾಬಾದ್ ಭಾಗದ ಎತ್ತರದ ಬಯಲುಗಳ ಮೇಲೆ ಜಂಬಿಟ್ಟಿಗೆಯ ಹೊದಿಕೆಯಿದೆ. ಕೆಂಪಾದ, ತೂತುತೂತಾದ ಈ ಕಲ್ಲು ಮಳೆನೀರನ್ನು ಜರಡಿಯಂತೆ ಕೆಳಗಿಳಿಸುತ್ತದೆ. ಅದರಡಿಯಲ್ಲಿ ಜೇಡಿ ಪದರ, ಅದಕ್ಕೂ ಕೆಳಗೆ ಗಟ್ಟಿ ಕರಿಕಲ್ಲು. ಮುಂದಕ್ಕಿಳಿಯಲು ದಾರಿ ಕಾಣದ ನೀರು ಅಡ್ಡಕ್ಕೆ ಸರಿದು, ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಬೀದರಿನ ಗುರುನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿ ಮೂರೂ ಇಂಥ ಸೆಲೆಗಳ ಸುತ್ತ ಬೆಳೆದ ಪುಣ್ಯಕ್ಷೇತ್ರಗಳು.

ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಬೀದರಿಗೆ ತಂದಾಗ ಈ ಗುಟ್ಟನ್ನು ಚೆನ್ನಾಗಿ ಬಳಸಿಕೊಂಡರು. ಪರ್ಷಿಯಾದಿಂದ ಬಂದ ವಿದ್ಯೆಯಲ್ಲಿ ನೆಲದೊಳಗೆ ಸುರಂಗ ಕೊರೆದು, ಸೆಲೆಯ ನೀರನ್ನು ವಸತಿಗಳತ್ತ ನಡೆಸಿದರು. ಇವೇ ಕಾರೇಜ್‌ಗಳು. ಬೀದರಿನ ಹೊರವಲಯದ ನೌಬಾದಿನ ಕಾರೇಜ್ ಸುಮಾರು 3 ಕಿಲೋಮೀಟರ್ ಉದ್ದವಿದೆ. ಮೇಲಿನಿಂದ ಕೆಳಕ್ಕೆ ಅಲ್ಲಲ್ಲಿ ಬಾವಿಯಂಥ ಕಿಂಡಿಗಳನ್ನು ತೋಡಿದ್ದಾರೆ. ಅಗೆಯುವಾಗ ಮಣ್ಣು ಮೇಲೆತ್ತಲು, ಒಳಗಿದ್ದವರಿಗೆ ಗಾಳಿ ಬೆಳಕು ಸಿಗಲು, ಮುಂದೆ ಹಗ್ಗ ಬಿಟ್ಟು ನೀರು ಸೇದಲು ಅವೇ ಆಸರೆ. ಸುರಂಗದ ತಳಕ್ಕೆ ಕೊಟ್ಟ ಇಳಿಜಾರು ಎಷ್ಟು ಹದವೆಂದರೆ, ನೀರು ನಿಲ್ಲುವುದೂ ಇಲ್ಲ, ತಳ ಕೊರೆಯುವಷ್ಟು ರಭಸದಿಂದ ಓಡುವುದೂ ಇಲ್ಲ. ಮೋಟಾರು ಬೇಡ, ಕರೆಂಟು ಬೇಡ, ಬಿಸಿಲಿಗೆ ಆವಿಯಾಗುವ ಭಯವೂ ಇಲ್ಲ. ಭೂಗೋಳ ತಜ್ಞ ವಿ. ಗೋವಿಂದನ್‌ಕುಟ್ಟಿ ಇವುಗಳ ನಕ್ಷೆ ತಯಾರಿಸಿದರು. ಕಳೆದ ದಶಕದಲ್ಲಿ ನೌಬಾದ್ ಕಾರೇಜಿನ ಹೂಳೆತ್ತುವ ಕೆಲಸವೂ ನಡೆಯಿತು.

ಬಸವಕಲ್ಯಾಣದಲ್ಲಿ ಲೆಕ್ಕಾಚಾರ ಬೇರೆ, ಅಲ್ಲಿಯದು ಸುರಂಗವಲ್ಲ, ಕೆರೆ. ಚಾಲುಕ್ಯರ ರಾಜಧಾನಿಯಾಗಿದ್ದ, ಶರಣರು ನಡೆದಾಡಿದ ಆ ಊರಿಗೆ ತ್ರಿಪುರಾಂತಕ ಕೆರೆ ಇದೆ.

ಇಂದಿನ ದೊಡ್ಡ ಆಸರೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯ. ಅದರ ಸಾಮರ್ಥ್ಯ ಸುಮಾರು 7.69 ಟಿಎಂಸಿ. ಬೀದರ್, ಭಾಲ್ಕಿ, ಹುಮನಾಬಾದ್, ಚಿಟಗುಪ್ಪ ಪಟ್ಟಣಗಳ ಕೊಡ ತುಂಬುವುದು ಇದರಿಂದಲೇ. ಇದಕ್ಕಾಗಿ ಭೂಮಿ ಕಳೆದುಕೊಂಡ ರೈತರು ನ್ಯಾಯಯುತ ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡುತ್ತ ಬಂದಿದ್ದಾರೆ. ನಲ್ಲಿ ತಿರುಗಿಸುವ ಪಟ್ಟಣದವರು ಆ ಋಣವನ್ನು ಮರೆಯಬಾರದು.

ಒಂದೇ ಜಲಾಶಯವನ್ನು ನೆಚ್ಚಿದರೆ ಏನಾಗಬಹುದು ಎಂಬುದನ್ನು ನೆರೆಯ ಲಾತೂರು 2016ರಲ್ಲಿ ಕಂಡಿತು. ಅದೂ ಮಾಂಜ್ರಾ ಕಣಿವೆಯ ಊರೇ. ಧನೇಗಾಂವದ ಅಣೆಕಟ್ಟು ಬತ್ತಿದಾಗ, ಏಪ್ರಿಲ್‌ನಲ್ಲಿ ಕೃಷ್ಣಾ ಕಣಿವೆಯ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ಮೊದಲ ಗಾಡಿ ತಂದದ್ದು 5 ಲಕ್ಷ ಲೀಟರ್. ಅದೇ ವರ್ಷ ಮಳೆಗಾಲದ ಕೊನೆಯಲ್ಲಿ ಸುರಿದ ಭಾರಿ ಮಳೆಗೆ ಮಾಂಜ್ರಾ ಉಕ್ಕಿ ಹರಿಯಿತು. ಬರ ಮತ್ತು ನೆರೆ ಆರು ತಿಂಗಳ ಅಂತರದಲ್ಲಿ ಬಂದು ಹೋದವು. ಬಿಸಿಯೇರುತ್ತಿರುವ ಹವೆಯಲ್ಲಿ ಮಳೆ ಕಡಿಮೆ ದಿನಗಳಲ್ಲಿ, ಹೆಚ್ಚು ಬಿರುಸಾಗಿ ಸುರಿಯುತ್ತದೆಂದು ವಿಜ್ಞಾನಿಗಳು ಎಚ್ಚರಿಸುತ್ತಿರುವಾಗ, ಇಂಥ ವರ್ಷಗಳಿಗೆ ಈ ಸೀಮೆ ಸಿದ್ಧವಾಗಲೇಬೇಕು.

ಬೋರ್‌ವೆಲ್ ಆ ಸಿದ್ಧತೆಯಲ್ಲ. ಕರಿಕಲ್ಲಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕ ಹೊಲದಲ್ಲಿ ನೀರು ಚಿಮ್ಮಿದರೆ, ಬದುವಿನಾಚೆಯ ಹೊಲದಲ್ಲಿ ಬರೀ ಧೂಳು. ಒಬ್ಬರು ಆಳಕ್ಕಿಳಿದಷ್ಟೂ ಪಕ್ಕದವರ ತೆರೆದ ಬಾವಿ ಒಣಗುತ್ತದೆ. ಸಾಲ ಮಾತ್ರ ಉಳಿಯುತ್ತದೆ. ತೊಗರಿ, ಉದ್ದು, ಹೆಸರು ಮಳೆಯ ತೇವದಲ್ಲೇ ಬೆಳೆಯುತ್ತವೆ. ಕಬ್ಬು ಹಾಗಲ್ಲ, ವರ್ಷವಿಡೀ ನೀರು ಕೇಳುತ್ತದೆ. ಬೆಳೆಯ ಆಯ್ಕೆಯೂ ನೀರಿನ ಹಂಚಿಕೆಯೇ. ಕಬ್ಬಿಗಿರುವಷ್ಟು ಭರವಸೆಯ ಮಾರುಕಟ್ಟೆ ತೊಗರಿಗೂ ಸಿಗದ ಹೊರತು, ರೈತನೊಬ್ಬನನ್ನೇ ದೂರುವುದು ಸರಿಯಲ್ಲ.

ದಿಬ್ಬದ ಊರುಗಳಲ್ಲಿ ಮಾಡಬೇಕಾದ ಕೆಲಸ ದಿಬ್ಬದ ಮೇಲೆಯೇ ಇದೆ. ಜಂಬಿಟ್ಟಿಗೆಯ ಬಯಲು ಬೀಳುಭೂಮಿಯಲ್ಲ, ಅದು ಮಳೆ ಇಂಗುವ ಬಾಯಿ. ಅಲ್ಲಿ ಕಲ್ಲು ಕ್ವಾರಿಗೆ, ಲೇಔಟಿಗೆ ಒಪ್ಪಿಗೆ ಕೊಡುವ ಮುನ್ನ ಕೆಳಗಿನ ಬಾವಿ, ಝರಿಗಳ ಲೆಕ್ಕ ಹಾಕಬೇಕು. ನಾಲಾ ಬದುಗಳ ದುರಸ್ತಿ, ಕೆರೆಗಳ ಹೂಳೆತ್ತುವಿಕೆ ಮೇ ತಿಂಗಳೊಳಗೆ ಮುಗಿಯಬೇಕು. ಬಾವಿಗಳ ನೀರಿನ ಮಟ್ಟವನ್ನು ಪಂಚಾಯಿತಿಯ ಗೋಡೆಯ ಮೇಲೆ ಪ್ರತಿ ತಿಂಗಳೂ ಬರೆದರೆ, ಹಿಂಗಾರಿಗೆ ಏನು ಬಿತ್ತಬೇಕೆಂದು ಊರಿನವರೇ ಕೂತು ತೀರ್ಮಾನಿಸಬಹುದು. ಇದಕ್ಕೆ ಬೇಕಾದ ಅಳತೆ ಪಟ್ಟಿ, ಸುಣ್ಣದ ಬಣ್ಣ, ಗ್ರಾಮಸಭೆ ಎಲ್ಲವೂ ಊರಲ್ಲೇ ಇವೆ.