ಎನ್. ಬೇಗೂರು: ‘ಎ’ಯಲ್ಲೋ, ‘ಬ’ದಲ್ಲೋ?

ಎಚ್.ಡಿ. ಕೋಟೆ ಸೀಮೆಯ ಊರುಗಳ ಪಟ್ಟಿ ಕೊಟ್ಟು ‘ಎನ್. ಬೇಗೂರು ಎಲ್ಲಿದೆ ನೋಡಿ’ ಎಂದರೆ ಕೆಲವರ ಬೆರಳು ‘ಎ’ಗೆ ಹೋಗುತ್ತದೆ, ಕೆಲವರದು ‘ಬ’ಕ್ಕೆ. ಗುಂಡ್ಲುಪೇಟೆ ತಾಲ್ಲೂಕಿನಲ್ಲೊಂದು ಬೇಗೂರಿದೆ, ಬೆಂಗಳೂರಿನಲ್ಲೊಂದಿದೆ. ಇನಿಷಿಯಲ್ ಇಲ್ಲದೆ ಗುರುತು ಸಿಗದು. ನಾವಾದರೆ ಎರಡೂ ಕಡೆ ಕಣ್ಣಾಡಿಸುತ್ತೇವೆ. ಕಂಪ್ಯೂಟರ್ ಒಂದೇ ಕಡೆ ನೋಡಿ, ಅಲ್ಲಿಲ್ಲದಿದ್ದರೆ ‘ಇಲ್ಲ’ ಎಂದುಬಿಡುತ್ತದೆ.

ಎಲ್ಲಿ ನೋಡಬೇಕೆಂದು ಅದಕ್ಕೆ ಹೇಳಿಕೊಡುವುದು ಅಕಾರಾದಿಯ ನಿಯಮ. ಕನ್ನಡದಲ್ಲಿ ಅದು ಅಷ್ಟು ಸಲೀಸಲ್ಲ. ವರ್ಣಮಾಲೆಯಲ್ಲಿ ‘ಳ’ ಕಟ್ಟಕಡೆಯ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಸಂಖ್ಯೆಯಲ್ಲಿ ಮಾತ್ರ ಲ 3250, ಳ 3251, ವ 3253. ಭಾರತದ ಲಿಪಿಗಳನ್ನೆಲ್ಲ ಒಂದೇ ಅಚ್ಚಿಗೆ ಹೊಯ್ದ ‘ಇಸ್ಕಿ’ ಸಂಕೇತದ ಬಳುವಳಿಯಿದು. ಬರೀ ಸಂಖ್ಯೆ ನೋಡಿ ಜೋಡಿಸಿದರೆ ನಂಜನಗೂಡು ತಾಲ್ಲೂಕಿನ ಕಳಲೆ ಮೊದಲು, ಕವಲಂದೆ ಆಮೇಲೆ. ಶಾಲೆಯಲ್ಲಿ ಕಲಿತ ಕ್ರಮದಲ್ಲಿ ಇದು ತಿರುಗುಮುರುಗು. ಸರಿಪಡಿಸುವ ನಿಯಮಗಳು ಬೇರೊಂದು ಕಡತದಲ್ಲಿರುತ್ತವೆ. ಆ ಕಡತವೂ ಆಗಾಗ ಪರಿಷ್ಕರಣೆಯಾಗುತ್ತದೆ.

ಪೇಚು ಶುರುವಾಗುವುದೇ ಅಲ್ಲಿ. 2018ರ ಆಗಸ್ಟ್‌ನಲ್ಲಿ ಲಿನಕ್ಸ್‌ನ ‘ಜಿಲಿಬ್‌ಸಿ’ಯ 2.28ನೇ ಆವೃತ್ತಿ ಬಂತು; ಅಕಾರಾದಿ ನಿಯಮಗಳ ಕಡತ ಅದರಲ್ಲೇ ಇರುತ್ತದೆ. ಅದುವರೆಗೆ ಪಟ್ಟಿಯಲ್ಲಿ ‘11’ ಮುಂದೆ, ‘1-1’ ಹಿಂದೆ ಇದ್ದವು, ಅಂದಿನಿಂದ ಅದಲುಬದಲು. ಮೊದಲು ಹೆಚ್ಚುಕಡಿಮೆ ಲೆಕ್ಕಕ್ಕೇ ಇಲ್ಲದಿದ್ದ ಅಡ್ಡಗೆರೆ, ಚುಕ್ಕಿಗಳಿಗೆ ಬೆಲೆ ಬಂತು. ‘ಎನ್.’ ಪಕ್ಕದ ಚುಕ್ಕಿಗೂ! ಆದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗಳ ಇಂಡೆಕ್ಸ್‌ಗಳು (ಬೇಗ ಹುಡುಕಲೆಂದು ಮೊದಲೇ ಜೋಡಿಸಿಟ್ಟ ಪಟ್ಟಿಗಳು) ಹಳೆಯ ಕ್ರಮದಲ್ಲೇ ಕೂತಿದ್ದವು. ಕಪಾಟು ಹಳೆಯದು, ಹುಡುಕುವ ಕ್ರಮ ಹೊಸದು ಎಂದಾದರೆ ಇರುವ ಹೆಸರೂ ಸಿಗದೆ ಹೋಗಬಹುದು. ‘ಇಲ್ಲ’ವೆಂದು ನಂಬಿ ಅದೇ ಹೆಸರನ್ನು ಮತ್ತೊಮ್ಮೆ ಸೇರಿಸಿಕೊಳ್ಳಲೂಬಹುದು.

ಮದ್ದು ಸರಳ: ಯಾವ ಆವೃತ್ತಿಯ ನಿಯಮದಲ್ಲಿ ಜೋಡಿಸಿದ್ದೆಂದು ಬರೆದಿಡುವುದು. 2017ರ ಪೋಸ್ಟ್‌ಗ್ರೆಸ್ 10 ಇದನ್ನು ‘ಐಸಿಯು’ ಎಂಬ ಯೂನಿಕೋಡ್ ತಂತ್ರಾಂಶದ ನಿಯಮಗಳಿಗೆ ಶುರುಮಾಡಿತು. 2022ರ 15ನೇ ಆವೃತ್ತಿ ಇಡೀ ಡೇಟಾಬೇಸ್‌ಗೂ ತಂದಿತು. ನಿಯಮ ಬದಲಾದರೆ ಈಗ ಎಚ್ಚರಿಕೆ ಬರುತ್ತದೆ. ಇಂಡೆಕ್ಸನ್ನು ಹೊಸದಾಗಿ ಕಟ್ಟದೆ ಬರೀ ಆವೃತ್ತಿ ಸಂಖ್ಯೆ ತಿದ್ದಿದರೆ ಎಚ್ಚರಿಕೆಯ ಬಾಯಿ ಮುಚ್ಚುತ್ತದೆ, ತಪ್ಪು ಹಾಗೇ ಉಳಿಯುತ್ತದೆ.

ಊರು ಇದ್ದಲ್ಲೇ ಇದೆ, ಪಟ್ಟಿಯಲ್ಲಿ ಹೆಸರೂ ಇದೆ. ಆದರೂ ‘ಇಲ್ಲ’ ಎಂಬ ಉತ್ತರ ಬಂದರೆ ಒಮ್ಮೆ ಆ ಚುಕ್ಕಿಯನ್ನು ವಿಚಾರಿಸಿ.