ದನಕ್ಕೆ ಸಿಂಪರಣೆ ಮದ್ದಿನ ವಿಷ: ಅಟ್ರೋಪಿನ್ ಎಷ್ಟು ಬೇಕು?



ಕೆಲವು ವರ್ಷಗಳ ಹಿಂದೆ ಕಾಫಿ ಬೋರರ್‌ಗೆ ಕ್ಲೋರೋಪೈರಿಫಾಸ್ ಹೊಡೆದ ಮೇಲೆ ಡ್ರಮ್ಮನ್ನು ತೊಳೆಯದೆ ಕೊಟ್ಟಿಗೆಯ ಬಳಿ ಇಟ್ಟದ್ದು ನಮ್ಮದೇ ತಪ್ಪು. ಹಸು ಬಾಯಿ ಹಾಕಿತು. ಸ್ವಲ್ಪ ಹೊತ್ತಿನಲ್ಲೇ ಜೊಲ್ಲು ಸುರಿಯಿತು, ನೀರು ನೀರಾಗಿ ಭೇದಿಯಾಯಿತು, ಮೈಯೆಲ್ಲ ನಡುಗಿತು, ಉಸಿರಿನಲ್ಲಿ ಗೊರಗೊರ ಸದ್ದು ಬಂತು. ಇದಕ್ಕೆ ಅಟ್ರೋಪಿನ್ ಮದ್ದೆಂಬುದು ನಮಗೆ ಗೊತ್ತಿತ್ತು. ಪೇಟೆಗೆ ಓಡಿ ಆರು ಆಂಪೂಲು ತಂದೆವು. ಪಶುವೈದ್ಯರು ನೋಡಿ, "ಸೆಕ್ರೆಟರಿಯವರೇ, ಇದು ಕರುವಿಗೂ ಸಾಲದು" ಎಂದರು. ಬೇರೆಡೆಯಿಂದ ಮದ್ದು ಬರುವಷ್ಟರಲ್ಲಿ ಹಸು ಹೋಗಿತ್ತು.

ಲೆಕ್ಕ ನೋಡಿ. ಮನುಷ್ಯರಿಗೆಂದು ಸಿಗುವ 1 ಮಿ.ಲೀ. ಆಂಪೂಲಿನಲ್ಲಿ ಸಾಮಾನ್ಯವಾಗಿ 0.6 ಮಿ.ಗ್ರಾಂ ಅಟ್ರೋಪಿನ್ ಇರುತ್ತದೆ. ಇಂಥ ವಿಷವೇರಿದ ದನಕ್ಕೆ ಮೈತೂಕದ ಕಿಲೋ ಒಂದಕ್ಕೆ ಸುಮಾರು ಅರ್ಧ ಮಿ.ಗ್ರಾಂ ಬೇಕು, ಪುಸ್ತಕಗಳಲ್ಲಿ 0.25ರಿಂದ 1ರವರೆಗೂ ಹೇಳಿದೆ. 300 ಕಿಲೋ ತೂಗುವ ಮಿಶ್ರತಳಿ ಹಸುವಿಗೆ 150 ಮಿ.ಗ್ರಾಂ, ಎಂದರೆ 250 ಆಂಪೂಲು. ಮಲೆನಾಡು ಗಿಡ್ಡವನ್ನು 100 ಕಿಲೋ ಎಂದು ಹಿಡಿದರೂ ಎಂಬತ್ತಕ್ಕೆ ಮೇಲೆ. ಅದೂ ಮೊದಲ ಸಲಕ್ಕೆ ಮಾತ್ರ. ಕೆಲವು ಗಂಟೆಗಳಲ್ಲಿ ಮತ್ತೆ ಬೇಕಾಗಬಹುದು. ಒಂದು ಪಾಲನ್ನು ನಿಧಾನವಾಗಿ ರಕ್ತನಾಳಕ್ಕೆ, ಉಳಿದದ್ದನ್ನು ಚರ್ಮದಡಿಗೆ ಅಥವಾ ಮಾಂಸಕ್ಕೆ ಕೊಡುತ್ತಾರೆ.

ಎಲ್ಲಿ ನಿಲ್ಲಿಸಬೇಕೆಂಬುದೇ ಸೂಕ್ಷ್ಮ. ಈ ವಿಷ ನರದ ಸಂದೇಶವನ್ನು ಮುಗಿಸುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಟ್ರೋಪಿನ್ ಆ ಸಂದೇಶ ಗ್ರಂಥಿಗಳಿಗೆ ಮುಟ್ಟದಂತೆ ತಡೆಯುತ್ತದೆ, ಮೈಯ ಮಾಂಸಖಂಡಗಳಿಗಲ್ಲ. ಆದ್ದರಿಂದ ಜೊಲ್ಲು ಒಣಗಿ ಉಸಿರು ಸಲೀಸಾದರೆ ಸಾಕು. ನಡುಕ ನಿಲ್ಲಲಿಲ್ಲವೆಂದು ಚುಚ್ಚುತ್ತ ಹೋದರೆ ಹೊಟ್ಟೆಯ ಚಲನೆ ನಿಂತು ಉಬ್ಬರವಾಗುತ್ತದೆ. ನಡುಕಕ್ಕೆ ಪ್ರಾಲಿಡಾಕ್ಸಿಮ್ ಎಂಬ ಬೇರೆ ಮದ್ದಿದೆ, ತಡವಾದಷ್ಟೂ ಅದರ ಗುಣ ಕಡಿಮೆ. ಹೀಗಾಗಿ ಸೂಜಿ ವೈದ್ಯರ ಕೈಯಲ್ಲೇ ಇರಲಿ.

ಎಲ್ಲ ವಿಷಕ್ಕೂ ಇದೇ ಮದ್ದಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ತಡೆದ ಎಂಡೋಸಲ್ಫಾನ್‌ನ ಹಳೇ ಡಬ್ಬಿ ಯಾರ ಷೆಡ್ಡಿನಲ್ಲಾದರೂ ಉಳಿದಿದ್ದರೆ, ಅದರ ವಿಷಕ್ಕೆ ಅಟ್ರೋಪಿನ್ ನಾಟುವುದಿಲ್ಲ. ಸೆಳೆತ ತಡೆಯುವ ಮದ್ದು ಬೇಕು. ಡಬ್ಬಿಯನ್ನೂ ಅದರೊಳಗಿನ ಚೀಟಿಯನ್ನೂ ವೈದ್ಯರಿಗೆ ತೋರಿಸಿ, ಪ್ರತಿವಿಷದ ಹೆಸರು ಅದರಲ್ಲೇ ಇರುತ್ತದೆ.

ವೈದ್ಯರು ಬರುವವರೆಗೆ, ಮದ್ದು ಮೈಮೇಲೆ ಬಿದ್ದಿದ್ದರೆ ಕೈಗವಸು ಹಾಕಿಕೊಂಡು ಸೋಪುನೀರಿನಲ್ಲಿ ತೊಳೆಯಿರಿ. ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ ಹೊಯ್ಯಬೇಡಿ. ನುಂಗಲಾರದ ದನಕ್ಕೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಫೋನಿನಲ್ಲಿ ಮದ್ದಿನ ಹೆಸರು, ದನದ ಅಂದಾಜು ತೂಕ ಎರಡನ್ನೂ ಹೇಳಿದರೆ ವೈದ್ಯರು ಅಷ್ಟು ಅಟ್ರೋಪಿನ್ ಹೊಂದಿಸಿಕೊಂಡೇ ಹೊರಡಬಹುದು.

ಸಿಂಪರಣೆ ಶುರುವಾಗುವ ಮುನ್ನ ನಿಮ್ಮ ಪಶು ಆಸ್ಪತ್ರೆಯಲ್ಲಿ ದಾಸ್ತಾನು ಎಷ್ಟಿದೆಯೆಂದು ಕೇಳಿಡಿ. ಸಂಘದಿಂದಲೂ ಪತ್ರ ಬರೆದಿದ್ದೇವೆ.